ಆರು ಅಂಕಿಯ ಕೋಡೇ, ಬೆರಳುದ್ದದ ಕೀಲಿಯೇ: ಟೂ-ಫ್ಯಾಕ್ಟರ್ ಸಾಧನಗಳ ವಿಮರ್ಶೆ

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಇಮೇಲ್‌ನಂಥ ತಾಯಿಬೇರಿನ ಖಾತೆಗೆ ಸೆಕ್ಯುರಿಟಿ ಕೀ (ಕಂಪ್ಯೂಟರ್‌ಗೆ ಚುಚ್ಚುವ ಅಥವಾ ಫೋನಿಗೆ ತಾಗಿಸುವ ಬೆರಳುದ್ದದ ಸಾಧನ) ಹಾಕಿ, ಅದೂ ಎರಡು. ಕೀ ಒಪ್ಪದ ಸೈಟುಗಳಿಗೆ ಆಥೆಂಟಿಕೇಟರ್ ಆ್ಯಪ್ (ಫೋನಿನಲ್ಲೇ ಆರಂಕಿಯ ಕೋಡ್ ಹುಟ್ಟಿಸುವ ಆ್ಯಪ್) ಇರಲಿ. ಎಸ್‌ಎಂಎಸ್ ಓಟಿಪಿ ಬೇರೆ ದಾರಿಯೇ ಇಲ್ಲದ ಕಡೆ ಮಾತ್ರ ಸಾಕು. ಮೂರೂ ಹುಟ್ಟಿದ್ದು ಒಂದೇ ಕೆಲಸಕ್ಕೆ: ಪಾಸ್‌ವರ್ಡ್ ಹೇಳಿದವರು ನಿಜಕ್ಕೂ ಖಾತೆಯ ಒಡೆಯರೇ ಎಂದು ಇನ್ನೊಂದು ಸಲ ಪರೀಕ್ಷಿಸುವುದಕ್ಕೆ. ಆದರೆ ಪರೀಕ್ಷಿಸುವ ರೀತಿಯಲ್ಲಿ ಅಜಗಜಾಂತರ. ಕೋಡ್ ಕೊಡುವ ಸಾಧನ ಸೈಟಿಗೆ ನಿಮ್ಮ ಗುರುತು ಹೇಳುತ್ತದೆ, ಎದುರಿಗಿರುವ ಸೈಟ್ ಅಸಲಿಯೋ ನಕಲಿಯೋ ಎಂದು ನೋಡುವುದಿಲ್ಲ. ಕೀ ಅದನ್ನೂ ನೋಡುತ್ತದೆ. ನಮ್ಮ ಮೊದಲ ಅಳತೆಗೋಲು ಅದು. ಎರಡನೆಯದು, ಫೋನ್ ಕಳೆದುಹೋದ ದಿನ ನೀವು ಒಳಗಿರುತ್ತೀರೋ ಹೊರಗಿರುತ್ತೀರೋ ಎಂಬುದು.

ಗುರುತಿನ ಪುರಾವೆಗಳು ಮೂರು ಬಗೆ: ತಲೆಯಲ್ಲಿರುವುದು (ಪಾಸ್‌ವರ್ಡ್, ಪಿನ್), ಕೈಯಲ್ಲಿರುವುದು (ಫೋನ್, ಕೀ), ಮೈಯಲ್ಲಿರುವುದು (ಬೆರಳಚ್ಚು, ಮುಖ). ಬೇರೆ ಬೇರೆ ಬಗೆಯ ಎರಡು ಸೇರಿದರೆ ಮಾತ್ರ ಅದು ಟೂ-ಫ್ಯಾಕ್ಟರ್. ಪಾಸ್‌ವರ್ಡ್ ಕೇಳಿ, ಆಮೇಲೆ 'ನಿಮ್ಮ ಮೊದಲ ಶಾಲೆ ಯಾವುದು' ಎಂದು ಕೇಳುವ ಸೈಟು ತಲೆಯಲ್ಲಿರುವುದನ್ನೇ ಎರಡು ಸಲ ಕೇಳಿದಂತಾಯಿತು. ಒಂದನ್ನು ಕದ್ದವರು ಎರಡನ್ನೂ ಕದಿಯುತ್ತಾರೆ.

ಎಸ್‌ಎಂಎಸ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಅಲ್ಲಿ ಕೋಡ್ ಬರುವುದು ನಿಮ್ಮ ಫೋನಿಗಲ್ಲ, ನಿಮ್ಮ ನಂಬರಿಗೆ. ಆ ನಂಬರನ್ನು ಬೇರೆ ಸಿಮ್‌ಗೆ ವರ್ಗಾಯಿಸುವ ಅಧಿಕಾರ ಮೊಬೈಲ್ ಕಂಪನಿಯ ಸಿಬ್ಬಂದಿಯ ಕೈಯಲ್ಲಿರುತ್ತದೆ. ಅವರನ್ನು ಮಾತಿನಲ್ಲಿ ಮರುಳು ಮಾಡಿ ನಂಬರ್ ಎಗರಿಸುವುದೇ ಸಿಮ್ ಸ್ವಾಪ್. 2019ರ ಆಗಸ್ಟ್‌ನಲ್ಲಿ ಟ್ವಿಟರ್‌ನ ಮುಖ್ಯಸ್ಥ ಜಾಕ್ ಡಾರ್ಸಿ ಅವರ ಖಾತೆಯೇ ಹೀಗೆ ಕೈತಪ್ಪಿತ್ತು. ಟೆಲಿಫೋನ್ ಜಾಲಗಳು ಪರಸ್ಪರ ಮಾತಾಡಿಕೊಳ್ಳುವ ಎಸ್‌ಎಸ್7 ಎಂಬ ಹಳೆಯ ವ್ಯವಸ್ಥೆಯಲ್ಲೂ ತೂತುಗಳಿವೆ. 2017ರಲ್ಲಿ ಜರ್ಮನಿಯಲ್ಲಿ ಅದರ ಮೂಲಕ ಬ್ಯಾಂಕ್ ಗ್ರಾಹಕರ ಓಟಿಪಿಗಳನ್ನು ಬೇರೆಡೆಗೆ ತಿರುಗಿಸಿ ಹಣ ದೋಚಿದ ಪ್ರಕರಣ ಹೊರಬಿತ್ತು. ಹಾಗೆಂದು ಇರುವ ಎಸ್‌ಎಂಎಸ್ ಓಟಿಪಿಯನ್ನು ತೆಗೆದುಹಾಕಿ ಬರೀ ಪಾಸ್‌ವರ್ಡ್ ಮೇಲೆ ನಿಲ್ಲಬೇಡಿ. ಕದ್ದ ಪಾಸ್‌ವರ್ಡುಗಳ ಪಟ್ಟಿ ಹಿಡಿದು ಸಾವಿರಾರು ಖಾತೆಗಳ ಬಾಗಿಲು ತಟ್ಟುವವರನ್ನು ಇದೂ ತಡೆಯುತ್ತದೆ.

ಇನ್ನು ಆಥೆಂಟಿಕೇಟರ್ ಆ್ಯಪ್. ಇದರ ಒಳಗಿನ ಲೆಕ್ಕ ತಿಳಿದುಕೊಂಡರೆ ಮುಕ್ಕಾಲು ಪಾಲು ತೊಂದರೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಆ್ಯಪ್‌ಗೆ ಸಿಗುವುದು ಮುಖ್ಯವಾಗಿ ಒಂದು ರಹಸ್ಯ ಸಂಖ್ಯೆ. ಅದನ್ನು ಇಂಗ್ಲಿಷಿನ 26 ಅಕ್ಷರ ಮತ್ತು 2ರಿಂದ 7ರವರೆಗಿನ ಅಂಕಿಗಳಲ್ಲಿ ಬರೆದಿರುತ್ತಾರೆ. 0, 1, 8 ಬಿಟ್ಟಿರುವುದು ಅವು ಅಕ್ಷರಗಳ ಹಾಗೆ ಕಂಡು ಗೊಂದಲವಾಗದಿರಲಿ ಎಂದು. 160 ಬಿಟ್‌ನ ರಹಸ್ಯವಾದರೆ 32 ಅಕ್ಷರ. ಇದರ ಒಂದು ಪ್ರತಿ ಸರ್ವರ್‌ನಲ್ಲಿ, ಇನ್ನೊಂದು ನಿಮ್ಮ ಫೋನಿನಲ್ಲಿ. ಆಮೇಲೆ ಕೋಡ್ ಹುಟ್ಟಿಸಲು ಇಬ್ಬರಿಗೂ ಇಂಟರ್‌ನೆಟ್ ಬೇಡ, ಗಡಿಯಾರ ಸಾಕು. 1970ರ ಜನವರಿ 1ರಿಂದ ಇಲ್ಲಿಯವರೆಗೆ ಕಳೆದ ಸೆಕೆಂಡುಗಳನ್ನು 30ರಿಂದ ಭಾಗಿಸುತ್ತಾರೆ. ಉದಾಹರಣೆಗೆ 2024ರ ಜನವರಿ 1, ಗ್ರೀನಿಚ್ ಸಮಯ ನಡುರಾತ್ರಿ ಹನ್ನೆರಡಕ್ಕೆ 1,70,40,67,200 ಸೆಕೆಂಡು ಕಳೆದಿತ್ತು. ಅದನ್ನು 30ರಿಂದ ಭಾಗಿಸಿದರೆ 5,68,02,240. ಮುಂದಿನ 30 ಸೆಕೆಂಡು ಇದೇ ಸಂಖ್ಯೆ, ಆಮೇಲೆ ಒಂದು ಹೆಚ್ಚು. ಈ ಸಂಖ್ಯೆಯನ್ನೂ ರಹಸ್ಯವನ್ನೂ ಎಚ್‌ಮ್ಯಾಕ್ ಎಂಬ ಗಣಿತದ ಗಿರಣಿಗೆ ಹಾಕಿದರೆ 20 ಬೈಟ್‌ಗಳ, ಅಂದರೆ 0ರಿಂದ 255ರೊಳಗಿನ 20 ಸಂಖ್ಯೆಗಳ, ಹಿಟ್ಟು ಹೊರಬರುತ್ತದೆ.

20 ಬೈಟ್ ಹೇಗೆ ಆರು ಅಂಕಿಯಾಗುತ್ತದೆ? ಈ ಲೆಕ್ಕವನ್ನು ವಿವರಿಸುವ 2005ರ ಇಂಟರ್‌ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 4226ರಲ್ಲಿ ಕೊಟ್ಟಿರುವ ಉದಾಹರಣೆಯನ್ನೇ ನೋಡಿ. ಅಲ್ಲಿ ಕೊನೆಯ ಬೈಟ್‌ನ ಬೆಲೆ 90. ಅದನ್ನು 16ರಿಂದ ಭಾಗಿಸಿದರೆ ಶೇಷ 10. ಹಾಗಾಗಿ ಮೊದಲ ಹತ್ತು ಬೈಟ್ ಬಿಟ್ಟು ಮುಂದಿನ ನಾಲ್ಕನ್ನು ಎತ್ತಿಕೊಳ್ಳಬೇಕು: 80, 239, 127, 25. ನಾಲ್ಕನ್ನೂ ಒಂದೇ ಸಂಖ್ಯೆಯಾಗಿ ಜೋಡಿಸಿದರೆ (ಮೊದಲನೆಯದನ್ನು 256ರಿಂದ ಗುಣಿಸಿ ಮುಂದಿನದನ್ನು ಕೂಡಿಸಿ, ಹೀಗೇ ಕೊನೆಯವರೆಗೆ) 1,35,78,72,921. ಇದರ ಕೊನೆಯ ಆರು ಅಂಕಿ 872921. ಪರದೆಯ ಮೇಲೆ ಕಾಣುವುದು ಅಷ್ಟೇ. 2011ರ ಆರ್‌ಎಫ್‌ಸಿ 6238 ಇದೇ ಲೆಕ್ಕದಲ್ಲಿ 'ಇದು ಎಷ್ಟನೆಯ ಕೋಡ್' ಎಂಬ ಎಣಿಕೆಯ ಜಾಗಕ್ಕೆ ಸಮಯವನ್ನು ತಂದು ಕೂರಿಸಿತು. ನೀವು ಕೋಡ್ ಒತ್ತಿದಾಗ ಸರ್ವರ್ ಕೂಡ ಇದೇ ಲೆಕ್ಕ ಮಾಡಿ, ಎರಡೂ ಹೊಂದಿದರೆ ಬಾಗಿಲು ತೆರೆಯುತ್ತದೆ.

ಇದರಿಂದ ತಿಳಿಯುವುದು ಬಹಳ. ಕೋಡ್ ತಪ್ಪು ಎಂದು ಪದೇ ಪದೇ ಬಂದರೆ ಮೊದಲು ನೋಡಬೇಕಾದದ್ದು ಫೋನಿನ ಗಡಿಯಾರ. ನೆಟ್‌ವರ್ಕ್ ತಡವಾದೀತೆಂದು ಹೆಚ್ಚಿನ ಸರ್ವರ್‌ಗಳು ಒಂದು ಹೆಜ್ಜೆ, ಅಂದರೆ 30 ಸೆಕೆಂಡು, ಆಚೀಚೆ ಸಹಿಸುತ್ತವೆ. ಗಡಿಯಾರ ಎರಡು ನಿಮಿಷ ಮುಂದಿದ್ದರೆ ಸಹಿಸುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯವನ್ನು 'ಆಟೋಮ್ಯಾಟಿಕ್'ಗೆ ಇಟ್ಟರೆ ಸರಿಹೋಗುತ್ತದೆ. ದೇಶ ಬಿಟ್ಟು ದೇಶಕ್ಕೆ ಹೋದರೆ ಕೋಡ್ ಕೆಡುತ್ತದೆ ಎಂಬುದು ತಪ್ಪು ತಿಳಿವಳಿಕೆ, ಏಕೆಂದರೆ ಲೆಕ್ಕ ನಡೆಯುವುದು ಜಾಗತಿಕ ಸಮಯದಲ್ಲಿ. ಟೈಮ್ ಜೋನ್ ಬದಲಿಸದೆ ಮುಳ್ಳನ್ನಷ್ಟೇ ಕೈಯಾರೆ ತಿರುಗಿಸಿದರೆ ಮಾತ್ರ ಕೆಡುತ್ತದೆ. ಇನ್ನೊಂದು: ಸರ್ವರ್ ಒಮ್ಮೆ ಒಪ್ಪಿದ ಕೋಡನ್ನು ಮತ್ತೆ ಒಪ್ಪಬಾರದು ಎಂದು ನಿಯಮವೇ ಇದೆ. ಲಾಗಿನ್ ಆದ ಹತ್ತೇ ಸೆಕೆಂಡಿನಲ್ಲಿ ಇನ್ನೊಂದು ಕಂಪ್ಯೂಟರ್‌ನಲ್ಲಿ ಅದೇ ಕೋಡ್ ಹೊಡೆದರೆ ತಿರಸ್ಕಾರವಾಗುವುದು ಅದಕ್ಕೇ. ಹೊಸ ಕೋಡ್ ಬರುವವರೆಗೆ ಕಾಯಿರಿ.

ಎಲ್ಲಕ್ಕಿಂತ ಮುಖ್ಯ, ಆ ಕ್ಯೂಆರ್ ಚಿತ್ರವೇ ಕೀಲಿಕೈ. ಅದನ್ನು ಎರಡು ಫೋನುಗಳಲ್ಲಿ ಸ್ಕ್ಯಾನ್ ಮಾಡಿದರೆ ಎರಡರಲ್ಲೂ ಒಂದೇ ಕೋಡ್ ಓಡುತ್ತದೆ. ಮನೆಯಲ್ಲಿಡುವ ಹಳೆಯ ಫೋನಿಗೆ ಸೇರಿಸಿಕೊಳ್ಳಲು ಇದು ಅನುಕೂಲ. ಆದರೆ ಸ್ಕ್ರೀನ್‌ಶಾಟ್ ತೆಗೆದು ಗ್ಯಾಲರಿಯಲ್ಲಿ ಬಿಟ್ಟರೆ, ಗ್ಯಾಲರಿಯ ಕ್ಲೌಡ್ ಬ್ಯಾಕಪ್ ನೋಡಬಲ್ಲ ಯಾರಿಗಾದರೂ ನಿಮ್ಮ ಎರಡನೆಯ ಬೀಗ ತೆರೆದೇ ಇರುತ್ತದೆ. ಸ್ಕ್ಯಾನ್ ಮಾಡುವಾಗಲೇ 'ಕ್ಯೂಆರ್ ಓದಲಾಗುತ್ತಿಲ್ಲ' ಎಂಬ ಕೊಂಡಿ ಒತ್ತಿ, ಬರುವ ಅಷ್ಟೂ ಅಕ್ಷರಗಳನ್ನು ಕಾಗದದ ಮೇಲೆ ನಾಲ್ಕು ನಾಲ್ಕಾಗಿ ಬಿಡಿಸಿ ಬರೆದಿಡಿ.

ಲೆಕ್ಕ ಎಲ್ಲ ಆ್ಯಪ್‌ಗಳಲ್ಲೂ ಒಂದೇ ಆದ್ದರಿಂದ ಕೋಡ್ ತೋರಿಸುವುದರಲ್ಲಿ ಮೇಲುಕೀಳಿಲ್ಲ. ಮೇಲುಕೀಳಿರುವುದು ಆ ರಹಸ್ಯಗಳನ್ನು ಹೇಗೆ ಕಾಯುತ್ತವೆ, ಹೇಗೆ ಹೊರಗೆ ಕೊಡುತ್ತವೆ ಎಂಬುದರಲ್ಲಿ.

ಗೂಗಲ್ ಆಥೆಂಟಿಕೇಟರ್ ಬಳಸಲು ಅತಿ ಸುಲಭ. ಬಹುಕಾಲ ಅದರ ದೊಡ್ಡ ಕೊರತೆ ಬ್ಯಾಕಪ್ ಇಲ್ಲದಿರುವುದಾಗಿತ್ತು. ಫೋನ್ ನೀರಿಗೆ ಬಿದ್ದರೆ ಕೋಡುಗಳೂ ನೀರುಪಾಲು. 2023ರ ಏಪ್ರಿಲ್‌ನಲ್ಲಿ ಗೂಗಲ್ ಖಾತೆಗೆ ಸಿಂಕ್ ಮಾಡುವ ಸೌಲಭ್ಯ ಬಂತು, ಆದರೆ ಬಂದದ್ದು ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ (ಸೇವೆ ಕೊಡುವ ಕಂಪನಿಗೂ ಓದಲಾಗದಂಥ ಗುಪ್ತಲಿಪಿ) ಇಲ್ಲದೆ. ಸಿಂಕ್‌ನ ಅಪಾಯ ಅದೇ ವರ್ಷ ಆಗಸ್ಟ್‌ನಲ್ಲಿ ರೀಟೂಲ್ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿ ಕಾಣಿಸಿತು: ವಂಚಕರು ಒಬ್ಬ ಉದ್ಯೋಗಿಯ ಗೂಗಲ್ ಖಾತೆ ಹೊಕ್ಕು, ಅಲ್ಲಿ ಸಿಂಕ್ ಆಗಿದ್ದ ಕೋಡುಗಳನ್ನೆಲ್ಲ ಪಡೆದುಕೊಂಡರು. ಒಂದೇ ಖಾತೆಯ ಬೀಗ ಒಡೆದರೆ ಎಲ್ಲ ಬೀಗಗಳೂ ಬಿಚ್ಚಿಕೊಳ್ಳುವ ಹಾಗಾಯಿತು. ಖಾತೆಗೆ ಸೈನ್-ಇನ್ ಆಗದೆಯೂ ಈ ಆ್ಯಪ್ ಬಳಸಬಹುದು. ಹಾಗೆ ಬಳಸುವವರು ಹೊಸ ಫೋನಿಗೆ ಹೋಗುವಾಗ ಹಳೆಯದರಲ್ಲಿ 'ಟ್ರಾನ್ಸ್‌ಫರ್ ಅಕೌಂಟ್ಸ್' ಆರಿಸಿ, ಬರುವ ಕ್ಯೂಆರ್ ಅನ್ನು ಹೊಸದರಲ್ಲಿ ಸ್ಕ್ಯಾನ್ ಮಾಡಬೇಕು. ಅದಾಗುವವರೆಗೆ ಹಳೆಯ ಫೋನನ್ನು ರೀಸೆಟ್ ಮಾಡಲೇಬಾರದು.

ಆಥಿ ಎಂಬ ಇನ್ನೊಂದು ಆ್ಯಪನ್ನು ಹೊಸಬರಿಗೆ ಸೂಚಿಸಲು ಮನಸ್ಸು ಬರುವುದಿಲ್ಲ. ಬ್ಯಾಕಪ್ ಚೆನ್ನಾಗಿದೆ, ಆದರೆ ಖಾತೆ ತೆರೆಯಲು ಫೋನ್ ನಂಬರ್ ಕೊಡಲೇಬೇಕು, ಒಳಗೆ ಹಾಕಿದ ರಹಸ್ಯಗಳನ್ನು ಹೊರತೆಗೆಯುವ ಎಕ್ಸ್‌ಪೋರ್ಟ್ ಇಲ್ಲ. ಆ್ಯಪ್ ಬಿಡಬೇಕೆಂದರೆ ಪ್ರತಿ ಸೈಟಿಗೂ ಹೋಗಿ ಟೂ-ಫ್ಯಾಕ್ಟರ್ ತೆಗೆದು ಮತ್ತೆ ಹಾಕಬೇಕು. 2024ರ ಮಾರ್ಚ್‌ನಲ್ಲಿ ಕಂಪ್ಯೂಟರ್ ಆವೃತ್ತಿಯನ್ನು ನಿಲ್ಲಿಸಿದಾಗ ಅದನ್ನೇ ನೆಚ್ಚಿದ್ದವರಿಗೆ ಈ ಕಷ್ಟದ ಅರಿವಾಯಿತು. ಅದೇ ವರ್ಷ ಜುಲೈನಲ್ಲಿ ಸುಮಾರು 3.3 ಕೋಟಿ ಬಳಕೆದಾರರ ಫೋನ್ ನಂಬರ್‌ಗಳು ಸೋರಿದವು.

ಆಂಡ್ರಾಯ್ಡ್‌ನವರಿಗೆ ನಮ್ಮ ಆಯ್ಕೆ ಏಜಿಸ್. ಓಪನ್ ಸೋರ್ಸ್, ಖಾತೆ ತೆರೆಯುವ ಗೊಡವೆ ಇಲ್ಲ. ರಹಸ್ಯಗಳು ಪಾಸ್‌ವರ್ಡ್‌ನಿಂದ ಎನ್‌ಕ್ರಿಪ್ಟ್ ಆದ ಒಂದು ಫೈಲಿನಲ್ಲಿರುತ್ತವೆ, ಬೆರಳಚ್ಚಿನಿಂದಲೂ ತೆರೆಯಬಹುದು. ಸೆಟ್ಟಿಂಗ್ಸ್‌ನ ಬ್ಯಾಕಪ್ ವಿಭಾಗದಲ್ಲಿ ಒಂದು ಫೋಲ್ಡರ್ ತೋರಿಸಿದರೆ ಬದಲಾವಣೆಯಾದಾಗಲೆಲ್ಲ ಪ್ರತಿ ತಾನೇ ಬೀಳುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಎನ್‌ಕ್ರಿಪ್ಟ್ ಮಾಡದ ಫೈಲ್ ಕೊಡುವ ಆಯ್ಕೆಯೂ ಇದೆ, ಅದನ್ನು ಮುಟ್ಟಬೇಡಿ. ಪಾಸ್‌ವರ್ಡ್ ಮರೆತರೆ ಆ ಫೈಲ್ ಯಾರಿಂದಲೂ ತೆರೆಯಲಾಗದು, ಹಾಗಾಗಿ ಅದನ್ನೂ ಕಾಗದದ ಮೇಲೆ ಬರೆಯಿರಿ. ಐಫೋನ್‌ಗೆ ಏಜಿಸ್ ಇಲ್ಲ. ಐಫೋನ್, ಆಂಡ್ರಾಯ್ಡ್, ಕಂಪ್ಯೂಟರ್ ಎಲ್ಲದರಲ್ಲೂ ಬೇಕೆನ್ನುವವರಿಗೆ ಎಂಟೆ ಆಥ್ ಒಳ್ಳೆಯದು. ಅದರ ಸಿಂಕ್ ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಆಗಿದೆ, ಎಕ್ಸ್‌ಪೋರ್ಟ್ ಕೂಡ ಇದೆ.

'ಇದು ನೀವೇನಾ? ಹೌದು / ಅಲ್ಲ' ಎಂದು ಫೋನಿಗೆ ಬರುವ ಪುಶ್ ಒಪ್ಪಿಗೆ ಕೋಡಿಗಿಂತ ಹಗುರ ಅನ್ನಿಸುತ್ತದೆ. ಆದರೆ ಮಧ್ಯರಾತ್ರಿ ಸಾಲು ಸಾಲಾಗಿ ಕಳಿಸಿ ಕಾಟ ಕೊಟ್ಟರೆ ಬೇಸತ್ತ ಕೈ 'ಹೌದು' ಒತ್ತಿಬಿಡುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಊಬರ್ ಜಾಲದೊಳಕ್ಕೆ ನುಗ್ಗಿದ್ದು ಇದೇ ಉಪಾಯದಿಂದ. ಮೈಕ್ರೋಸಾಫ್ಟ್ 2023ರ ಮೇನಿಂದ ಲಾಗಿನ್ ಪರದೆಯಲ್ಲಿ ಕಾಣುವ ಎರಡಂಕಿಯನ್ನು ಆ್ಯಪ್‌ನಲ್ಲಿ ಹೊಡೆಯುವುದನ್ನು ಕಡ್ಡಾಯ ಮಾಡಿತು. ಈ ಎರಡಂಕಿ ಇಲ್ಲದ ಪುಶ್ ಸೇವೆಯನ್ನು ನಾವು ಒಪ್ಪುವುದಿಲ್ಲ.

ಇಲ್ಲಿಯವರೆಗೆ ಹೇಳಿದ ಎಲ್ಲಕ್ಕೂ ಒಂದೇ ದೌರ್ಬಲ್ಯ. ನಕಲಿ ಲಾಗಿನ್ ಪುಟವೊಂದು ನಿಮ್ಮಿಂದ ಪಾಸ್‌ವರ್ಡ್ ಪಡೆದು ಆ ಕ್ಷಣವೇ ಅಸಲಿ ಸೈಟಿಗೆ ದಾಟಿಸುತ್ತದೆ. ಅಸಲಿ ಸೈಟ್ ಕೋಡ್ ಕೇಳುತ್ತದೆ, ನಕಲಿ ಪುಟ ನಿಮ್ಮನ್ನು ಕೇಳುತ್ತದೆ, ನೀವು ಕೊಡುತ್ತೀರಿ, 30 ಸೆಕೆಂಡಿನೊಳಗೆ ಅದೂ ದಾಟುತ್ತದೆ. ಕೋಡ್ ಸರಿ, ಗಡಿಯಾರ ಸರಿ, ಗಣಿತ ಸರಿ. ಒಳಗೆ ಹೋದವರು ಮಾತ್ರ ಬೇರೆ.

ಸೆಕ್ಯುರಿಟಿ ಕೀ ಗೆಲ್ಲುವುದು ಇಲ್ಲಿಯೇ. ಯೂಬಿಕೋ ಕಂಪನಿಯ ಯೂಬಿಕೀ 5 ಎನ್‌ಎಫ್‌ಸಿಯನ್ನು ಮಾದರಿಯಾಗಿ ತೆಗೆದುಕೊಳ್ಳೋಣ (ಎನ್‌ಎಫ್‌ಸಿ ಎಂದರೆ ಫೋನಿಗೆ ತಾಗಿಸಿದರೆ ತಂತಿಯಿಲ್ಲದೆ ಮಾತಾಡುವ ಸೌಲಭ್ಯ). ಬೆರಳುದ್ದದ ಚಪ್ಪಟೆ ತುಂಡು, ಕೀಗೊಂಚಲಿಗೆ ಸಿಕ್ಕಿಸಲು ತೂತು, ನಡುವೆ ಚಿನ್ನದ ಬಣ್ಣದ ದುಂಡು ಬಿಲ್ಲೆ. ಬ್ಯಾಟರಿ ಇಲ್ಲ, ಪರದೆ ಇಲ್ಲ. ಸೈಟಿಗೆ ಇದನ್ನು ಮೊದಲ ಸಲ ಸೇರಿಸುವಾಗ ಕೀ ತನ್ನೊಳಗೇ ಆ ಸೈಟಿಗೆಂದೇ ಒಂದು ಜೋಡಿ ಕೀಲಿ ಹುಟ್ಟಿಸುತ್ತದೆ. ಸಹಿ ಪರೀಕ್ಷಿಸುವ ಸಾರ್ವಜನಿಕ ಕೀಲಿ ಸರ್ವರ್‌ಗೆ ಹೋಗುತ್ತದೆ, ಸಹಿ ಹಾಕುವ ಖಾಸಗಿ ಕೀಲಿ ಸಾಧನ ಬಿಟ್ಟು ಬರುವುದಿಲ್ಲ. ಹಾಗಾಗಿ ಸರ್ವರ್ ಲೂಟಿಯಾದರೂ ಕಳ್ಳರಿಗೆ ಸಿಗುವುದು ಕೆಲಸಕ್ಕೆ ಬಾರದ ಅರ್ಧ. ಆಥೆಂಟಿಕೇಟರ್ ರಹಸ್ಯ ಎರಡೂ ಕಡೆ ಇರುವುದರಿಂದ ಅಲ್ಲಿ ಈ ನೆಮ್ಮದಿ ಇಲ್ಲ. ಲಾಗಿನ್ ಆಗುವಾಗ ಸರ್ವರ್ ಒಂದು ಯಾದೃಚ್ಛಿಕ ಸವಾಲು ಕಳಿಸುತ್ತದೆ. ಬ್ರೌಸರ್ ಅದಕ್ಕೆ ತಾನು ನಿಂತಿರುವ ಸೈಟಿನ ವಿಳಾಸವನ್ನು ಸೇರಿಸಿ ಕೀಗೆ ಕೊಡುತ್ತದೆ. ನೀವು ಬಿಲ್ಲೆ ಮುಟ್ಟಿದಾಗ ಕೀ ಸಹಿ ಹಾಕುತ್ತದೆ. ನಕಲಿ ಸೈಟಿನ ವಿಳಾಸದಲ್ಲಿ ಒಂದೇ ಅಕ್ಷರ ಬೇರೆಯಿದ್ದರೂ ಆ ವಿಳಾಸಕ್ಕೆ ಕೀಯಲ್ಲಿ ಜೋಡಿಯೇ ಇಲ್ಲ, ಸಹಿಯೂ ಇಲ್ಲ. ಕಣ್ಣು ಮೋಸ ಹೋದರೂ ಕೀ ಮೋಸ ಹೋಗುವುದಿಲ್ಲ.

ಇದು ಬರೀ ತತ್ವದ ಮಾತಲ್ಲ. 2022ರ ಜುಲೈ-ಆಗಸ್ಟ್ ಹೊತ್ತಿಗೆ ಟ್ವಿಲಿಯೊ ಕಂಪನಿಯ ನೌಕರರಿಗೆ ನಕಲಿ ಲಾಗಿನ್ ಕೊಂಡಿಯ ಎಸ್‌ಎಂಎಸ್‌ಗಳು ಬಂದವು, ಕಂಪನಿ ಬಲಿಯಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕ್ಲೌಡ್‌ಫ್ಲೇರ್ ನೌಕರರಿಗೂ ಅಂಥವೇ ಬಂದವು. ಅಲ್ಲಿ ಮೂವರು ಪಾಸ್‌ವರ್ಡ್ ಕೊಟ್ಟೇಬಿಟ್ಟರು. ಆದರೆ ಎಲ್ಲರಿಗೂ ಕೀ ಕಡ್ಡಾಯವಾಗಿದ್ದುದರಿಂದ ದಾಳಿ ಬಾಗಿಲಲ್ಲೇ ನಿಂತಿತು.

ಸೇರಿಸುವ ಕ್ರಮ ಸರಳ. ಖಾತೆಯ ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ 'ಸೆಕ್ಯುರಿಟಿ ಕೀ' ಅಥವಾ 'ಪಾಸ್‌ಕೀ' (ಪಾಸ್‌ವರ್ಡ್ ಬದಲಿಗೆ ಬಳಸುವ, ಇದೇ ಬಗೆಯ ಜೋಡಿ ಕೀಲಿ) ಆರಿಸಿ. ಬ್ರೌಸರ್ ಮೊದಲು ಫೋನಿನಲ್ಲೋ ಕಂಪ್ಯೂಟರ್‌ನಲ್ಲೋ ಉಳಿಸಲೇ ಎಂದು ಕೇಳಬಹುದು. ಅಲ್ಲಿ ಅವಸರದಲ್ಲಿ 'ಸರಿ' ಒತ್ತಿದರೆ ಪಾಸ್‌ಕೀ ಸಾಧನದಲ್ಲೇ ಉಳಿದು, ಕೀ ಖಾಲಿಯಾಗೇ ಇರುತ್ತದೆ. 'ಬೇರೆ ಆಯ್ಕೆ' ಒತ್ತಿ ಸೆಕ್ಯುರಿಟಿ ಕೀ ಹುಡುಕಿ. ಕೀ ಚುಚ್ಚಿ, ಕೇಳಿದರೆ ಪಿನ್ ಕೊಟ್ಟು, ದೀಪ ಮಿನುಗಿದಾಗ ಬಿಲ್ಲೆ ಮುಟ್ಟಿ. ಹೆಸರು ಕೇಳಿದಾಗ 'ಕೀಗೊಂಚಲು', 'ಬೀರು' ಎಂದು ಇಡುವ ಜಾಗವನ್ನೇ ಬರೆಯಿರಿ. ಆಮೇಲೆ ಎರಡನೆಯ ಕೀಯನ್ನೂ ಅದೇ ಕೂತಲ್ಲೇ ಸೇರಿಸಿ. ಒಂದು ಕೀಯಿಂದ ಇನ್ನೊಂದಕ್ಕೆ ನಕಲು ಮಾಡುವ ದಾರಿ ಇಲ್ಲ, ಪ್ರತಿ ಸೈಟಿನಲ್ಲೂ ಎರಡನ್ನೂ ಸೇರಿಸಬೇಕು.

ತೊಡಕುಗಳೂ ಇವೆ. ಕೀಯ ಪಿನ್ ಎಂಟು ಸಲ ತಪ್ಪಿದರೆ ಅದರ ಫಿಡೊ ಭಾಗಕ್ಕೆ, ಅಂದರೆ ಈ ಜೋಡಿ ಕೀಲಿಗಳನ್ನು ನೋಡಿಕೊಳ್ಳುವ ಭಾಗಕ್ಕೆ, ಬೀಗ ಬೀಳುತ್ತದೆ. ರೀಸೆಟ್ ಒಂದೇ ದಾರಿ, ರೀಸೆಟ್ ಎಂದರೆ ಒಳಗಿನ ಫಿಡೊ ಕೀಲಿಗಳೆಲ್ಲ ಅಳಿದುಹೋದಂತೆ. ಟೈಪ್ ಮಾಡುವಾಗ ಕೈ ತಾಗಿ ಪರದೆಯ ಮೇಲೆ ಇದ್ದಕ್ಕಿದ್ದಂತೆ ಸಿ-ಸಿ-ಸಿ-ಸಿ ಎಂದು ಶುರುವಾಗುವ 44 ಅಕ್ಷರಗಳ ಸಾಲು ಬಿದ್ದರೆ ವೈರಸ್ ಎಂದು ಗಾಬರಿಯಾಗಬೇಡಿ. ಅದು ಯೂಬಿಕೀಯ ಹಳೆಯ ಬಗೆಯ ಓಟಿಪಿ. ಯೂಬಿಕೋ ಆಥೆಂಟಿಕೇಟರ್ ಆ್ಯಪ್‌ನಲ್ಲಿ ಓಟಿಪಿಯನ್ನು ಆಫ್ ಮಾಡಿದರೆ ನಿಲ್ಲುತ್ತದೆ. ಎನ್‌ಎಫ್‌ಸಿ ಹಿಡಿಯದಿದ್ದರೆ ಜಾಗ ತಪ್ಪಿರುತ್ತದೆ: ಐಫೋನ್‌ನಲ್ಲಿ ಮೇಲಿನ ಅಂಚಿಗೆ ತಾಗಿಸಿ, ಆಂಡ್ರಾಯ್ಡ್‌ನಲ್ಲಿ ಬೆನ್ನಿನ ಮೇಲೆ ನಿಧಾನವಾಗಿ ಸರಿಸುತ್ತ ಹುಡುಕಿ, ಎರಡು ಕ್ಷಣ ಅಲ್ಲಾಡಿಸದೆ ಹಿಡಿಯಿರಿ. ಲೋಹದ ಕವರ್ ಇದ್ದರೆ ಬಿಚ್ಚಿ. ಈ ಮಾದರಿಯ ತುದಿ ಹಳೆಯ ಅಗಲ ಯುಎಸ್‌ಬಿ-ಎ. ಹೊಸ ಲ್ಯಾಪ್‌ಟಾಪ್‌ನವರಿಗೆ 5ಸಿ ಎನ್‌ಎಫ್‌ಸಿ ಬೇಕು.

ಫರ್ಮ್‌ವೇರ್ (ಕೀಯೊಳಗೆ ತಯಾರಿಕೆಯಲ್ಲೇ ತುಂಬಿದ ತಂತ್ರಾಂಶ) ವಿಷಯ ಕೊಳ್ಳುವ ಮುನ್ನ ತಿಳಿದಿರಬೇಕು, ಏಕೆಂದರೆ ಯೂಬಿಕೀಯ ಫರ್ಮ್‌ವೇರ್ ಅಪ್‌ಡೇಟ್ ಆಗುವುದಿಲ್ಲ. ಹುಟ್ಟಿದಾಗ ಇದ್ದದ್ದೇ ಕೊನೆಯವರೆಗೆ. 2024ರ ಸೆಪ್ಟೆಂಬರ್‌ನಲ್ಲಿ 5.7ಕ್ಕಿಂತ ಹಿಂದಿನ ಫರ್ಮ್‌ವೇರ್‌ನ ಚಿಪ್ ಲೈಬ್ರರಿಯಲ್ಲಿ ಒಂದು ದೋಷ ಬಯಲಾಯಿತು. ಅದನ್ನು ಬಳಸಲು ಕೀ ಕೈಗೆ ಸಿಗಬೇಕು, ದುಬಾರಿ ಉಪಕರಣಗಳಿರಬೇಕು, ಹಾಗಾಗಿ ಹಳೆಯ ಕೀ ಇರುವವರು ಎಸೆಯುವ ಅಗತ್ಯ ನಮಗೆ ಕಾಣುವುದಿಲ್ಲ. ಹೊಸದಾಗಿ ಕೊಳ್ಳುವವರು ಮಾತ್ರ ಪೆಟ್ಟಿಗೆ ತೆರೆದ ದಿನವೇ ಯೂಬಿಕೋ ಆಥೆಂಟಿಕೇಟರ್‌ನಲ್ಲಿ 5.7 ಅಥವಾ ಮೇಲಿನದೇ ಎಂದು ನೋಡಿಕೊಳ್ಳಿ. ಜಾಗದಲ್ಲೂ ವ್ಯತ್ಯಾಸವಿದೆ: ಪಾಸ್‌ಕೀಗಳಿಗೆ ಮೊದಲು 25 ಇದ್ದದ್ದು 100 ಆಗಿದೆ, ಆರಂಕಿ ಕೋಡುಗಳ ಖಾತೆಗಳಿಗೆ 32 ಇದ್ದದ್ದು 64. ಹೌದು, ಆರಂಕಿ ಕೋಡಿನ ರಹಸ್ಯಗಳನ್ನೂ ಇದರೊಳಗೆ ಇಡಬಹುದು. ಬ್ಯಾಟರಿ ಇಲ್ಲದ್ದರಿಂದ ಕೀಗೆ ಗಡಿಯಾರವಿಲ್ಲ, ಸಮಯವನ್ನು ಆ್ಯಪ್ ಹೇಳುತ್ತದೆ, ಲೆಕ್ಕವನ್ನು ಕೀ ಮಾಡುತ್ತದೆ.

ಒಂದು ಮಿತಿಯನ್ನು ಸ್ಪಷ್ಟವಾಗಿ ಹೇಳಬೇಕು. ಲಾಗಿನ್ ಆದ ಮೇಲೆ ಸೈಟ್ ಬ್ರೌಸರ್‌ನಲ್ಲಿ ಒಂದು ಸೆಷನ್ ಕುಕೀ ಇಡುತ್ತದೆ, 'ಇವರು ಆಗಲೇ ಲಾಗಿನ್ ಆದವರು' ಎಂದು ಹೇಳುವ ಚೀಟಿ ಅದು. ಕಂಪ್ಯೂಟರ್‌ನಲ್ಲಿ ಕುಳಿತ ಮಾಲ್‌ವೇರ್ (ಕೇಡಿನ ತಂತ್ರಾಂಶ) ಅದನ್ನು ಕದ್ದರೆ ಕೋಡೂ ಬೇಡ, ಕೀಯೂ ಬೇಡ. ಅಂಥ ಅನುಮಾನ ಬಂದರೆ ಬೇರೊಂದು ಶುದ್ಧ ಸಾಧನದಿಂದ ಹೊಕ್ಕು 'ಎಲ್ಲ ಸಾಧನಗಳಿಂದ ಸೈನ್-ಔಟ್' ಮಾಡಿ.

ಇನ್ನು ಫೋನ್ ಕಳೆದ ದಿನದ ಮಾತು. ಟೂ-ಫ್ಯಾಕ್ಟರ್ ಹಾಕುವಾಗಲೇ ಹೆಚ್ಚಿನ ಸೈಟುಗಳು ಬ್ಯಾಕಪ್ ಕೋಡ್ ಕೊಡುತ್ತವೆ. ಗೂಗಲ್ ಕೊಡುವುದು 8 ಅಂಕಿಯ 10 ಕೋಡ್, ಒಂದೊಂದೂ ಒಂದೇ ಸಲಕ್ಕೆ. ಇದನ್ನು ಅದೇ ಫೋನಿನ ನೋಟ್ಸ್‌ನಲ್ಲಿ ಇಟ್ಟರೆ ಫೋನಿನ ಜೊತೆಗೇ ಹೋಗುತ್ತದೆ. ಅದೇ ಇಮೇಲ್‌ಗೆ ಕಳಿಸಿಕೊಂಡರೆ ಕೀಲಿಯನ್ನು ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದಂತೆ. ಮುದ್ರಿಸಿ, ಬೀರುವಿನ ಕಾಗದಪತ್ರಗಳ ಜೊತೆ ಇಡಿ, ಬಳಸಿದ್ದನ್ನು ಗೀಟು ಹೊಡೆಯಿರಿ. ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ: ತೆರೆದಿರುವ ಲಾಗಿನ್ ಮುಚ್ಚದೆ, ಪ್ರೈವೇಟ್ ವಿಂಡೋ ಒಂದರಲ್ಲಿ ಹೊಸದಾಗಿ ಲಾಗಿನ್ ಆಗಿ ನೋಡಿ. ಕೈಕೊಟ್ಟರೆ ಮೊದಲ ವಿಂಡೋದಲ್ಲಿ ಕುಳಿತೇ ಸರಿಪಡಿಸಬಹುದು.

ಕೀ ಹಾಕಿದವರು ಮರೆಯುವುದು ಹಿಂಬಾಗಿಲನ್ನು. ಖಾತೆಯಲ್ಲಿ ಎಸ್‌ಎಂಎಸ್ ಇನ್ನೂ ಪರ್ಯಾಯವಾಗಿ ಉಳಿದಿದ್ದರೆ ವಂಚಕರು 'ಬೇರೆ ವಿಧಾನ ಪ್ರಯತ್ನಿಸಿ' ಒತ್ತಿ ಅಲ್ಲಿಂದಲೇ ಬರುತ್ತಾರೆ. ಎರಡು ಕೀ ಮತ್ತು ಬ್ಯಾಕಪ್ ಕೋಡ್ ಭದ್ರವಾದ ಮೇಲೆ ಆ ಫೋನ್ ನಂಬರನ್ನು ಎರಡನೆಯ ಹಂತದ ಪಟ್ಟಿಯಿಂದ ತೆಗೆದುಹಾಕಿ. ಕೀಗೊಂಚಲು ಕಳೆದುಹೋದರೆ ಬೀರುವಿನ ಕೀಯಿಂದ ಒಳಹೊಕ್ಕು, ಪಟ್ಟಿಯಲ್ಲಿ 'ಕೀಗೊಂಚಲು' ಎಂಬ ಹೆಸರಿನದನ್ನು ಅಳಿಸಿ. ಹೊಸ ಕೀ ಬಂದೊಡನೆ ಅದನ್ನು ಸೇರಿಸಿ, ಬ್ಯಾಕಪ್ ಕೋಡಿನ ಹಾಳೆಯೂ ಆ ಗೊಂಚಲಿನ ಜೊತೆ ಒಂದೇ ಚೀಲದಲ್ಲಿ ಹೋಗಿದ್ದರೆ ಹಳೆಯ ಹತ್ತನ್ನೂ ರದ್ದು ಮಾಡಿ ಹೊಸದನ್ನು ಮುದ್ರಿಸಿಕೊಳ್ಳಿ.